ತಲಿ ಎಲ್ಲೈತ್ರಿ ಬಾಯಾರ?

ರಂಗೂನಿಂದ ನಡಕೋತ ಬಂದಾಕಿ ಗುರುಬಾಯಿ ಬಿರಾಜದಾರ.
ಹಾದ್ಯಾಗ ಬಂಗಾರ ಮಾರಿದಳು, ಅಕ್ಕಿ ಚೆಲ್ಲಿದಳು,
ಕ್ಯಾಮೆರಾ ಮಾತ್ರ ಹಡದ ಕೂಸಿನಂಗ
ಸೀರಿಯೊಳಗ ಸುತ್ತಿ ಸೊಲ್ಲಾಪುರ ಮುಟ್ಟಿಸಿದಳು.

ಸಾಖರಪೇಟಿ ಮಾಳಿಗಿ ಮ್ಯಾಲ ಸ್ಟುಡಿಯೊ;
ಬೋರ್ಡಿನಾಗ ತಮ್ಮನ ಹೆಸರು.
ನಾ ಅಲ್ಲಿ ತಾಟು ತೊಳಿಯೋ ಹುಡುಗ.

ಮದುಮಗ ಬಂದರ ಕೈಯಷ್ಟ ತಗದಳು,
ಮಣಕಾಲ ಮ್ಯಾಲ ಹೆದರಿ ಕುಂತ ಕೈ.
‘ತಲಿ ಎಲ್ಲೈತ್ರಿ ಬಾಯಾರ?’
‘ತಲಿ ಎಲ್ಲಾರಿಗೂ ಇರತೈತಿ’ ಅಂದು
ರೊಕ್ಕ ತಿರುಗಿ ಕೊಟ್ಟಳು.
ತಮ್ಮ ಆ ವಾರ ಮಾತಾಡಲಿಲ್ಲ.

ಭೋಂಗಾ ಆದಮ್ಯಾಲ ಗಿರಣಿ ಚಿಮಣಿ ನೆರಳು
ಚಾಳಿನ ಗ್ವಾಡಿ ಹತ್ತಿ
ಒಣಹಾಕಿದ ಚಾದರದಾಗ ಮುರಿಯೂದು,
ಅದಕ್ಕ ತಾಸುಗಟ್ಟಲೆ ಕಾಯಾಕಿ.
ಯಾರೂ ಕೊಳ್ಳದ ಆ ನೆರಳಿನ ಹಿಂದ
ಪೆನ್ಸಿಲ್ಲಿನಿಂದ ಬರೀ ತಾಸು, ನಿಮಿಷ. ಹೆಸರಿಲ್ಲ.

ಆಕಿ ಸತ್ತಮ್ಯಾಲ ಗಾಜಿನ ಪ್ಲೇಟು
ತಿಕ್ಕಿ ತೊಳದು ಕಿಟಕಿಗಿ ಹಾಕಿದರು.
ತೊಳದಾಂವ ನಾನೇ. ದಿನಕ್ಕ ಆರಾಣೆ.

ಒಮ್ಮೆ ಕೆಂಪು ದೀಪದಾಗ ಕೇಳಿದ್ದೆ:
‘ರಂಗೂನು ಹೆಂಗಿತ್ರಿ?’
ಬಿಳೇ ಕಾಗದ ಔಷಧಕ್ಕ ಬಿಟ್ಟು ‘ತಡಿ’ ಅಂದಳು.
ಇಬ್ಬರೂ ಬಗ್ಗಿ ನೋಡಿದಿವಿ.
ಏನೂ ಮೂಡಲಿಲ್ಲ.
ಅದನ್ನೂ ನೀರಾಗ ಅದ್ದಿ, ಚಿಮಟಿ ಹಚ್ಚಿ,
ಉಳಿದವುಗಳ ಸಾಲಿನಾಗ ಒಣಹಾಕಿದಳು.