ಮೂರನೇ ಮಿರ್ಚಿ

ಹಟ್ಟಿ ಗಣಿ ಕ್ಯಾಂಟೀನು. ರಾತ್ರಿ ಪಾಳಿಗಿನ್ನೂ ಹೊತ್ತಿತ್ತು.
ಮಗಳು ಹುಲಿಗೆಮ್ಮ ತಾಟಿನಾಗ ನಾಕು ಮಿರ್ಚಿ ಇಟ್ಲು:
"ಇದೊಂದು ಗುಂಪು ನೋಡಬೇ. ಎಲ್ಲಾರೂ ಎಲ್ಲಾರ ಕೂಡ ಆಡ್ತಾರ.
ಗೆದ್ದರ ಮೂರು, ಸಮ ಆದರ ಒಂದು, ಸೋತರ ಸೊನ್ನಿ."

ಕಡೀದು ಮನಿಗೆ, ಅಂತ ತಾನೇ ತಿಂದ್ಲು.
ಮೊದಲೆರಡು ಪೇಪರಿನಾಗ ಸುತ್ತಿ ಕಿಸೆಕ್ಕ,
ವಿಮಾನ ಹತ್ತಿದ್ವಂತ.
ಜರ್ಸಿಗೆ ಎಣ್ಣಿ ಕಲೆ.

ಉಳೀತು ಒಂದು.
"ಇದರ ಗತಿ?"
"ಕಾಯ್ಬೇಕು. ಬ್ಯಾರೆ ಗುಂಪಿನ ಮೂರನೇದವರು
ಎಷ್ಟು ಹೊಡೆದ್ರು, ಎಷ್ಟು ತಿಂದ್ರು, ನೋಡ್ತಾರ."
"ತನ್ನ ಆಟ ಮುಗಿದ ಮ್ಯಾಲೂ?"
"ಮುಗಿದ ಮ್ಯಾಲೇ."

ಇದನ್ನ ನನಗ ಬಿಡಿಸಿ ಹೇಳೋದು ಬ್ಯಾಡಿತ್ತು.
ಹನ್ನೊಂದು ವರ್ಷ ಆತು, ಕಾಯಂ ಪಟ್ಟಿಯೊಳಗ ನನ್ನ ಹೆಸರು
ಯಾರೋ ರಿಟೈರ್ ಆಗಲಿ ಅಂತ ಕುಂತದ.

ಟಿವಿಯಾಗ ಯಾವುದೋ ದೇಶದ ಹುಡಿಗ್ಯಾರು.
ಹೆಸರು ನಾಲಿಗಿಗೆ ಹೊರಳವಲ್ದು.
ಅವರೊಂದು ಗೋಲು ತಿನ್ನಲೆಪ್ಪಾ ಅಂತ
ನನ್ನ ಮಗಳು ಉಗುರು ಕಚ್ಚಾಕ್ಹತ್ತಿದ್ಲು.

ಸೈರನ್ ಆತು. ಮಂದಿ ಬಂತು.
ಒಬ್ಬಾತ ಆ ತಣ್ಣಗಾದ ಮಿರ್ಚಿಗೆ ಕೈ ಹಾಕಿದ.
"ಬ್ಯಾಡಣ್ಣ," ಅಂದೆ,
"ಅದರ ಲೆಕ್ಕ ಇನ್ನೂ ಮುಗಿದಿಲ್ಲ."