ಹನ್ನೊಂದು ನಿಮಿಷ

ಮಂಗಳವಾರ ಹನ್ನೊಂದು ನಿಮಿಷ
ನಿಂತಲ್ಲೇ ನಿಂತಿದ್ದೆನಂತೆ.
ಎದೆಯ ಪಟ್ಟಿಗೆ ಸಿಕ್ಕಿಸಿದ ಪುಟ್ಟ ಯಂತ್ರ
ಹಾಗಂತ ಚಾಡಿ ಹೇಳಿದೆ ಕಂಪನಿಗೆ, ಕಂಪನಿ
ಡೆಪೋದ ಮ್ಯಾನೇಜರನಿಗೆ. ಅವನು
ನನ್ನ ಕಡೆ ಪರದೆ ತಿರುಗಿಸಿದ:
ಗ್ರಿಮ್ಸ್‌ಬಿ ಊರಿನ ನಕ್ಷೆ, ಅದರ ಮೇಲೆ ನನ್ನ ದಾರಿ
ಬಸವನಹುಳು ಹರಿದ ಗೆರೆಯ ಹಾಗೆ;
ಪೆಲ್ಹಮ್ ಬೀದಿ, ಹದಿನಾಲ್ಕನೇ ನಂಬರು,
ಅಲ್ಲೊಂದು ಕೆಂಪು ಬೊಟ್ಟು.

"ಕಾರಣ ಆರಿಸಿ, ಲೊರೇನ್," ಅಂದ.
ನಾಯಿ. ಶೌಚ. ಮಳೆ. ಪಂಕ್ಚರ್. ಬಿದ್ದದ್ದು.
ಇಪ್ಪತ್ತೊಂಬತ್ತು ವರ್ಷದ ನಡಿಗೆಗೆ ಐದೇ ಕಾರಣ.
ಅಣ್ಣನ ಜೊತೆ ಯುದ್ಧದ ಬಗ್ಗೆ ಜಗಳ
ಅನ್ನುವ ಸಾಲು
ಆ ಪಟ್ಟಿಯಲ್ಲಿರಲಿಲ್ಲ.

ಅಂಚೆ ಎಲ್ಲರದ್ದಾಗಿದ್ದಾಗ
ವಿಳಾಸ ಅಂದರೆ ಮುಖ.
ಮುದುಕಿ ಆಲ್ಡ್ರಿಜ್ ಮೆಟ್ಟಿಲ ಕೆಳಗೆ ಬಿದ್ದಿದ್ದು
ಮೊದಲು ತಿಳಿದದ್ದು ನನಗೆ:
ಹಾಲಿನ ಬಾಟಲಿ ಹೊರಗೇ ಇತ್ತು.
ಅಂಬುಲೆನ್ಸ್ ಬರುವವರೆಗೆ ಅವಳ ಕೈ ಹಿಡಿದು ಕೂತಿದ್ದೆ,
ಯಾರೂ ಲೆಕ್ಕ ಹಾಕಲಿಲ್ಲ.
ಆಮೇಲೆ ಮಾರಿದರು. ನನಗೂ ನಾಲ್ಕು ಷೇರು ಕೊಟ್ಟರು.
ತಗೊಂಡೆ, ಸುಳ್ಳು ಯಾಕೆ ಹೇಳಲಿ,
ಅಡುಗೆಮನೆಗೆ ನೆಲಹಾಸು ಬಂತು ಅದರಲ್ಲಿ.

ಕ್ಲೈವ್ ಬಾಗಿಲಿಗೊಂದು ಕಣ್ಣು ಇಡಿಸಿದ್ದಾನೆ,
ಅಂಗಿ ಗುಂಡಿಯಷ್ಟು ಗಾಜು;
ಒತ್ತಿದರೆ ಗಂಟೆ, ಒತ್ತದಿದ್ದರೂ ನೋಟ.
"ತಪ್ಪು ಮಾಡದವರಿಗೆ ಯಾತರ ಭಯ?"
ಮಗ ಜೋಯೆಲ್ ಸೈನ್ಯಕ್ಕೆ ಹೋದ ಮೇಲೆ
ಇದನ್ನು ಇನ್ನೂ ಜೋರಾಗಿ ಅನ್ನುತ್ತಾನೆ.
ಹುಡುಗನಿಗೆ ಇಪ್ಪತ್ತೆರಡು. ಎಲ್ಲೋ ಗಡಿಯ ಹತ್ತಿರ.
ಎಲ್ಲಿ ಅಂತ ಹೇಳುವಂತಿಲ್ಲ.

ಅವತ್ತು ನಾನು ಕೊಟ್ಟದ್ದು ನೀರಿನ ಬಿಲ್ಲು,
ಅಲ್ಲಿಂದ ಹತ್ತಿಕೊಂಡಿತು.
ನೀರು ಮಾರಿದರು, ಅಂಚೆ ಮಾರಿದರು,
ಈಗ ಹುಡುಗರನ್ನೂ, ಅಂದೆ.
ಬಾಯಿಂದ ಬಿದ್ದ ಮಾತು
ಹೆಕ್ಕಿಕೊಳ್ಳಲು ಬರಲಿಲ್ಲ.

"ಅವನನ್ನು ಯಾರೂ ಮಾರಿಲ್ಲ. ಅವನೇ ಹೋದ.
ಅಲ್ಲಿ ತಡೆಯದಿದ್ದರೆ ಆ ಬೆಂಕಿ ಇಲ್ಲಿಗೆ ಬರುತ್ತೆ.
ಅಪ್ಪನ ನೆನಪಿಲ್ಲವಾ ನಿನಗೆ?"

ಇದೆ. ಕಾಡ್ ಮೀನಿಗಾಗಿ ಕಾದಾಡಿದ ವರ್ಷಗಳು,
ಐಸ್‌ಲ್ಯಾಂಡಿನ ದೋಣಿ ಅಪ್ಪನ ಬಲೆ
ಕತ್ತರಿಸಿಕೊಂಡು ಹೋದದ್ದು.
ಕ್ಲೈವ್‌ಗೆ ಅಪ್ಪ ಹೇಳಿದ್ದು:
ನಮ್ಮ ನೌಕಾಪಡೆಯ ಹಡಗು ಬಾನಂಚಿಗೆ ಕಂಡಾಗ
ಗಂಡಸರೆಲ್ಲ ಟೋಪಿ ಎಸೆದು ಕೂಗಿದ್ದು.
ನನಗೆ ಹೇಳಿದ್ದು:
ಆಚೆ ಹಡಗಿನ ಕಂಬಿಗೆ ಒರಗಿ ಒಬ್ಬ ಹುಡುಗ
ವಾಂತಿ ಮಾಡುತ್ತಿದ್ದ, ಅಲೆಗೋ ಅಂಜಿಕೆಗೋ;
ಅವನ ಸ್ವೆಟರಿನ ಹೆಣಿಗೆ
ಥೇಟ್ ನಿಮ್ಮಮ್ಮನದೇ.
ಒಬ್ಬನೇ ಅಪ್ಪ. ನಾವಿಬ್ಬರೂ
ಸುಳ್ಳು ಹೇಳುತ್ತಿಲ್ಲ.

ಮ್ಯಾನೇಜರನಿಗೆ ಪುರಾವೆ ಬೇಕು.
ಕ್ಲೈವ್‌ನನ್ನು ಕೇಳುವುದೆಂದರೆ
ಬಾಯಿ ತುಂಬ ಮರಳು.
ಕೇಳಿದೆ. ಅವನೇ ಬಂದ,
ಬಾಗಿಲು ಕಂಡದ್ದನ್ನು ಫೋನಿನಲ್ಲಿ ಹೊತ್ತುಕೊಂಡು.
ಡೆಪೋದ ಗೋಡೆಗೆ ಒರಗಿ, ಗಾಳಿಗೆ ಬೆನ್ನು ಕೊಟ್ಟು,
ಒಂದು ಅಂಗೈಯಗಲಕ್ಕೆ ಎರಡು ತಲೆ ಬಾಗಿಸಿದೆವು.

ಮಾತಾಡಿದ್ದು ನಾಲ್ಕೇ ನಿಮಿಷ.
ಉಳಿದ ಏಳು,
ನಾನು ಕಸದ ಡಬ್ಬಿ ನೋಡುತ್ತ,
ಅವನು ನೀರಿನ ಬಿಲ್ಲು
ಮಡಿಸುತ್ತ, ಬಿಚ್ಚುತ್ತ, ಮಡಿಸುತ್ತ.
ಆಮೇಲೆ ನನ್ನ ಕೆಂಪು ಚೀಲ ಬೀದಿಗಿಳಿಯುತ್ತದೆ.
ಅವನು ಬಾಗಿಲು ಹಾಕುವುದಿಲ್ಲ.
ನಾನು ತಿರುವು ದಾಟುವವರೆಗೂ
ಹೊಸ್ತಿಲಲ್ಲೇ, ಕಾಲುಚೀಲದಲ್ಲಿ.
ನನಗದು ಗೊತ್ತಿರಲಿಲ್ಲ.

"ನೋಡು, ಕ್ಯಾಮೆರಾ ಇದ್ದದ್ದಕ್ಕೆ," ಅಂದ.
"ನಾನು ತಿರುಗಿ ನೋಡಿದ್ದರೂ ಸಾಕಿತ್ತು," ಅಂದೆ.
ಮತ್ತೆ ಶುರುವಾಯಿತು:
ಕ್ಯಾಮೆರಾ, ಗಡಿ, ಆ ಹುಡುಗ, ಈ ಸರ್ಕಾರ.
ಎದೆಯ ಮೇಲಿನ ಯಂತ್ರ ಗುರ್ರೆಂದಿತು.

ಆ ವಿಡಿಯೋ ಒಳಗೆ ಒಯ್ಯಲಿಲ್ಲ.
ಯಾಕೆ ಅಂತ ಕ್ಲೈವ್ ಕೇಳಲಿಲ್ಲ.
ಪಟ್ಟಿಯಲ್ಲಿ ನಾಯಿ ಅನ್ನುವುದನ್ನು ಒತ್ತಿದೆ.

ಕಚ್ಚಿತೇ? ಎಂದು ಕೇಳಿತು.
ಹೌದು, ಇಲ್ಲ:
ಎರಡೇ ಗುಂಡಿ.