ಎರಡು ಸೀಸೆ

ಜೀಲಾಂಗ್‌ನಲ್ಲಿ ಜುಲೈ ಎಂದರೆ ಥಂಡಿ.
ಶಾಲೆಗೆ ರಜೆ. ಪ್ರಯೋಗಶಾಲೆಯ ಬೀಗದ ಕೈ
ನನ್ನ ಕೋಟಿನ ಜೇಬಲ್ಲಿ.
ಆಫೀಸಿನ ಮುಂದಿನ ಗಾಜಿನ ತೊಟ್ಟಿಯಿಂದ
ಹಿಡಿದು ತಂದ ಐದು ಮೀನು
ಹಿಂದಿನ ಕೋಣೆಯ ಬರಿದಾದ ತೊಟ್ಟಿಯಲ್ಲಿ;
ಕಲ್ಲಿಲ್ಲ, ಮರಳಿಲ್ಲ, ಇದ್ದಿಲಿಲ್ಲ,
ಅಡಗಲು ಅಲ್ಲಿಂದಲೇ ಎತ್ತಿ ತಂದ
ಎರಡು ತುಂಡು ಪೈಪು.

ಮೈಮೇಲೆ ರವೆ ಉದುರಿಸಿದ ಹಾಗೆ ಚುಕ್ಕಿ.
ನೀಲಿಯದು ಪೈಪಿಗೆ ಪಕ್ಕೆ ಉಜ್ಜುತ್ತದೆ
ಕಂಬಕ್ಕೆ ಮೈ ತಿಕ್ಕುವ ಎಮ್ಮೆಯಂತೆ.

"ಎರಡರಲ್ಲಿ ಯಾವುದು ವಾಸಿ?"
ಇಮೊಜೆನ್‌ಗೆ ಹದಿನಾಲ್ಕು. ಉತ್ತರಕ್ಕೆ ಕಾಯುವವಳಲ್ಲ,
ಆಗಲೇ ಎರಡೂ ಸೀಸೆ ಬೆಳಕಿಗೆ ಹಿಡಿದಿದ್ದಾಳೆ.

ಒಂದು ಬಿಡಿ ತಾಮ್ರ, ಮೈಲುತುತ್ತದ ನೇರ ವಂಶ.
ಬೆಳಿಗ್ಗೆ ಹಾಕಿದ್ದು ಸಂಜೆಗೆ ಅಷ್ಟೇ ಇದ್ದೀತೆಂಬ ನೆಚ್ಚಿಕೆಯಿಲ್ಲ,
ಸುಣ್ಣ ಕಂಡರೆ ಹೋಗಿ ಅಂಟಿಕೊಳ್ಳುತ್ತದೆ.
ಒಲೆಯ ಮೇಲಿನ ಹಾಲಿನಂತೆ ಕಾಯಬೇಕು.
ಸೊನ್ನೆ ಪಾಯಿಂಟ್ ಎರಡು ಸಾಕು; ಹೆಚ್ಚಾಯಿತೋ,
ಮೀನು ಮೂಲೆ ಸೇರಿ ಏದುತ್ತದೆ.

ಇನ್ನೊಂದು ಕಟ್ಟಿದ ತಾಮ್ರ.
ಯಾವುದೋ ದೊಡ್ಡ ಅಣು ಅದನ್ನು ಕಂಕುಳಲ್ಲಿ ಎತ್ತಿಕೊಂಡು
ಚೂರು ಚೂರೇ ಕೆಳಗೆ ಬಿಡುತ್ತದೆ.
ನಿಧಾನಿ. ನೀರಲ್ಲಿ ನಿಲ್ಲುತ್ತದೆ ವಾರಗಟ್ಟಲೆ.
ಇದಕ್ಕೆ ಎರಡು ಬೇಕು. ಪೂರ್ತಿ ಎರಡು.

ಇದರ ಲೆಕ್ಕ ಅದಕ್ಕೆ ಹಾಕಿದರೆ?
ಐದೂ ಮೇಲೆ, ಹೊಟ್ಟೆ ಸೂರಿಗೆ.
ನಡುವೆ ಇರುವುದು ನೊಣದ ಹಿಕ್ಕೆಯಷ್ಟು ಮಸಿ,
ಪಾಯಿಂಟು.

ಕಟ್ಟಿದ್ದನ್ನೇ ಆರಿಸಿದೆ.
ರಜೆಯಲ್ಲಿ ದಿನಕ್ಕೆರಡು ಸಲ ಬರಲು ಬಸ್ಸಿಲ್ಲ,
ವಿಜ್ಞಾನ ಅಷ್ಟೇ.

ಮೂರು ದಿನಕ್ಕೆ ಹಂಚಿ ಹನಿಸುತ್ತ ಹೇಳಿದೆ:
ನಮ್ಮಜ್ಜಿ ಕುಡಿದದ್ದು ತಾಮ್ರದ ತಂಬಿಗೆಯ ನೀರೇ.
"ಅಳೆಯದೆಯೇ?"
ಅಳೆಯದೆ. ಹುಳಿ ಇಡಬೇಡ, ಕಿಲುಬು ಬರುತ್ತೆ:
ಅಷ್ಟೇ ಅವಳ ಕೆಮಿಸ್ಟ್ರಿ.

ಚರ್ಮದೊಳಗೆ ಹೊಕ್ಕ ಹುಳುವಿಗೆ ಯಾವ ತಾಮ್ರವೂ ತಾಗದು.
ಅದು ತಾನೇ ಉದುರಬೇಕು, ತಳದಲ್ಲಿ ಗೂಡು ಕಟ್ಟಬೇಕು,
ಗೂಡೊಡೆದು ನೂರಾರು ಮರಿ
ಮೀನು ಹುಡುಕಿ ಈಜಿ ಹೊರಟಾಗ,
ಆ ಬಯಲಲ್ಲಿ ಮಾತ್ರ ಸಿಗುತ್ತದೆ ಕೈಗೆ.
ಅದಕ್ಕೇ ಮೂವತ್ತು ದಿನ.
ಚುಕ್ಕಿ ಮಾಯವಾದದ್ದನ್ನು ನಂಬಬಾರದು.

ಸೀಸೆಯ ಮೇಲಿನ ಉದ್ದ ಹೆಸರನ್ನು
ಇಮೊಜೆನ್ ನಿಘಂಟಿನಲ್ಲಿ ಹುಡುಕಿದಳು.
ಮೂಲ ಗ್ರೀಕಂತೆ. ಏಡಿಯ ಕೊಂಡಿ ಎಂದಂತೆ.
ಅಣು ಹಾಗೆ ಹಿಡಿಯುತ್ತದೆ ತಾಮ್ರವನ್ನು,
ಎರಡು ಬೆರಳು ಒತ್ತಿ ತೋರಿಸಿ ನಕ್ಕಳು.

ಹನ್ನೊಂದನೇ ದಿನ ಪೈಪು ತೊಳೆಯಲೆಂದು ಎತ್ತಿದರೆ
ಮೂಲೆಯ ಬಾಗಿನಲ್ಲಿ ಹೆಬ್ಬೆರಳ ಉಗುರಷ್ಟು ಶಂಖ,
ಹೊರಗೆ ಜೋತ ಮೈ.
ಸನ್ಯಾಸಿ ಏಡಿ. ನಾವು ಎಣಿಸಿರಲೇ ಇಲ್ಲ.
ಕೊಂಡಿ ತೆರೆದೇ ಇತ್ತು.

ಅದರ ರಕ್ತದಲ್ಲಿ ಕಬ್ಬಿಣವಿಲ್ಲ, ತಾಮ್ರವೇ,
ಉಸಿರು ಹೊರುವುದು ನೀಲಿಯಾಗಿ.
ಇದನ್ನು ಅವಳಿಗೆ ಹೇಳಲಿಲ್ಲ ಅವತ್ತು.

ನೋಟ್‌ಬುಕ್ಕಿನಲ್ಲಿ ಏಡಿಗೆ ಕಾಲಂ ಇಲ್ಲ.
ತಾಮ್ರ: ಒಂದು ಪಾಯಿಂಟ್ ಒಂಬತ್ತು.
ನೀಲಿಯದು ತಿಂದಿತು.
ಉಳಿದದ್ದನ್ನು ಅಂಚಿನಲ್ಲಿ ಬರೆದೆ, ಪೆನ್ಸಿಲ್ಲಿನಲ್ಲಿ.
ಇನ್ನು ಹತ್ತೊಂಬತ್ತು ದಿನ.